ದೀಪ ಹಚ್ಚಿದರೆ ಚಳಿ

ಆಸ್ಟ್ರೇಲಿಯಾ ಅಂದ್ರೆ ವರ್ಷವಿಡೀ ಬಿಸಿಲು ಅಂತ ನಂಬ್ಕೊಂಡು, ಇಲ್ಲಿ ಕೊರೆಯೋ ಚಳಿಗಾಲವಾದ ಜೂನ್ ತಿಂಗಳಲ್ಲಿ ಮೆಲ್ಬರ್ನ್‌ಗೆ ಬಂದಿಳಿಯೋ ಹಿರಿಯರು ಪ್ರತಿ ವರ್ಷ ಇದ್ದೇ ಇರ್ತಾರೆ. ಊರಿಗೆ ಫೋನ್ ಮಾಡೋಕೆ ನಾವಿನ್ನೂ ಕಾಲಿಂಗ್ ಕಾರ್ಡ್ ಉಜ್ಜುತ್ತಿದ್ದ ಕಾಲದಲ್ಲಿ ಆ ಸರದಿ ನಮ್ಮ ಅತ್ತೆಗೆ ಬಂತು.

೧. ಸೀರೆ ಉಟ್ಟ ಹೀಟರ್

ಬಾಕ್ಸ್ ಹಿಲ್‌ನ ನಮ್ಮ ಬಾಡಿಗೆ ಫ್ಲಾಟಿನಲ್ಲಿ ರೂಮಿಗೊಂದು ಕಬ್ಬಿಣದ ಹೀಟರು, ಗೋಡೆಗೆ ಅಂಟಿಕೊಂಡು. ಅದರೊಳಗೆ ಬಿಸಿನೀರು ಹರಿದು ಮನೆ ಬೆಚ್ಚಗಾಗಬೇಕು. ಹೆಂಡತಿ ಏಳು ತಿಂಗಳ ಬಸುರಿ. ಬಾಣಂತನಕ್ಕೆ ಅಂತ ಚಿತ್ರದುರ್ಗದಿಂದ ಬಂದ ಅತ್ತೆ, ಮೊದಲ ದಿನವೇ ಮೂರು ಒದ್ದೆ ಸೀರೆ ತಂದು ಅದರ ಮೇಲೆ ಹರವಿದರು.

"ಅತ್ತೆ, ಹೀಗೆ ಮುಚ್ಚಿದ್ರೆ ಬಿಸಿ ಹೊರಗೆ ಬರೋದು ಹೇಗೆ?" ಅಂದೆ.

ಅಳಿಯನ ಹತ್ತಿರ ನೇರವಾಗಿ ಮಾತಾಡೋದು ಅತ್ತೆಗೆ ಅಭ್ಯಾಸವಿಲ್ಲ. ಮಗಳ ಕಡೆ ತಿರುಗಿ, "ಮುಟ್ಟಿ ನೋಡೋಕೆ ಹೇಳೇ. ಅದಕ್ಕೇ ಚಳಿ, ಪಾಪ, ಹೊದ್ಕೊಳ್ಳಲಿ ಬಿಡು" ಅಂದರು.

೨. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ

ಸೀರೆ ತೆಗೆಸಿದೆ. ಆದರೂ ಬೆಳಿಗ್ಗೆ, ಸಂಜೆ ಹೀಟರು ತಣ್ಣಗೆ. ಮಧ್ಯಾಹ್ನ ನೋಡಿದ್ರೆ ಕುದೀತಾ ಇರೋದು! ಬಾಡಿಗೆ ಮನೆ ಕೊಡಿಸಿದ ಏಜೆಂಟಿಗೆ ಫೋನ್ ಮಾಡಿದೆ. ರಿಪೇರಿಯವನು ಎರಡು ಸಲ ಮಧ್ಯಾಹ್ನವೇ ಬಂದು, "ಆಲ್ ಗುಡ್, ಮೇಟ್" ಅಂದು ಹೋದ.

ಅತ್ತೆ ಮನುಷ್ಯರ ಮೇಲಿನ ನಂಬಿಕೆ ಬಿಟ್ಟರು. ಬಾಡಿಗೆ ಮನೇಲಿ ಮೊಳೆ ಹೊಡೆಯೋ ಹಾಗಿಲ್ಲವಾದ್ದರಿಂದ, ಹಾಲ್‌ನಲ್ಲಿ ಮೊದಲೇ ಇದ್ದ ಒಂದು ಶೆಲ್ಫೇ ನಮ್ಮ ದೇವರ ಮನೆ. ಅದಕ್ಕೆ ತಾಗಿದ ಹಾಗೆ ಗೋಡೆಯಲ್ಲೊಂದು ಬಿಳೀ ಡಬ್ಬಿ. ಮನೆ ಎಷ್ಟು ಬಿಸಿ ಇರಬೇಕು ಅಂತ ತಿರುಗಿಸೋ ಥರ್ಮೋಸ್ಟಾಟು. ಮನೆ ಬೆಚ್ಚಗಾಗಲಪ್ಪಾ ಅಂತ ಬೇಡಿಕೊಂಡು ಅತ್ತೆ, ಬಂದಾಗಿನಿಂದ ಬೆಳಿಗ್ಗೆ ಸಂಜೆ ಅಲ್ಲಿ ಹಚ್ಚುತ್ತಿದ್ದ ದೀಪಕ್ಕೆ ಎರಡು ಬತ್ತಿ ಇದ್ದದ್ದನ್ನ ಐದು ಮಾಡಿದರು. ಅವತ್ತು ಸಂಜೆ ಮಫ್ಲರ್ ಸುತ್ಕೊಂಡು ಊಟ ಮಾಡಿದ್ವಿ.

ಕೈ ತೊಳೆದು ಬಂದ ಅತ್ತೆ, "ನನಗೆ ವಾಪಸ್ ಟಿಕೆಟ್ ಮಾಡ್ಸೋಕೆ ಹೇಳೇ. ಮಗು ಆದ್ಮೇಲೆ ಫೋಟೊ ಕಳಿಸಿ" ಅಂದರು.

ಹೆಂಡತಿ ಅತ್ತಳು. ಬಾಣಂತಿಗೆ ನಾನು ಮಾಡಿ ಹಾಕಬಲ್ಲ ಅಡುಗೆ ಮೊಸರನ್ನ ಒಂದೇ. ಅದರಲ್ಲೂ ಮೊಸರು ಅಂಗಡೀದು.

೩. ಟಕ್

ಮೂರನೇ ಸಲ ರಿಪೇರಿಯವನನ್ನ ಸಂಜೆಗೇ ಕರೆಸಿದೆ. ಹೀಟರು ಬಿಸಿಯಾಗೇ ಇತ್ತು; ಅವನು ನನ್ನ ಮುಖ ನೋಡಿದ. ಅಷ್ಟರಲ್ಲಿ ಅತ್ತೆ, ಹಿಡಿದ ಕೆಲಸ ಕೈಗೂಡಲಿ ಅಂತ ಐದೂ ಬತ್ತಿ ಹಚ್ಚಿ ಕೈ ಮುಗಿದರು. ಹತ್ತು ನಿಮಿಷಕ್ಕೆ ಬಿಳೀ ಡಬ್ಬಿ "ಟಕ್" ಅಂತು. ಹೀಟರು ತಣ್ಣಗಾಗತೊಡಗಿತು.

ಅವನು ಡಬ್ಬಿ ನೋಡಿದ, ದೀಪ ನೋಡಿದ, ಸೋಫಾ ಮೇಲೆ ಕೂತು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕ. ದೀಪದ ಬಿಸಿ ತಾಗಿ, ಮನೆಯೆಲ್ಲಾ ಬೆಚ್ಚಗಾಯ್ತು ಅಂದ್ಕೊಂಡು ಡಬ್ಬಿ ಹೀಟರ್ ಆಫ್ ಮಾಡ್ತಿತ್ತಂತೆ.

ಅತ್ತೆಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿ, "ಅಂದ್ರೆ ದೇವರಿಗೆ ಸೆಕೆ ಆಗ್ತಿತ್ತು ಅನ್ನು" ಅಂದರು, ಮಗಳಿಗೆ.

೪. ಮುಟ್ಟಿಲ್ಲ

ದೀಪವನ್ನ ಕಿಟಕಿ ಪಕ್ಕದ ಸ್ಟೂಲಿಗೆ ಸಾಗಿಸಿದ್ವಿ, ಮನೆ ಬೆಚ್ಚಗಾಯ್ತು. ಈಗ ಬೇರೆ ಜಗಳ. ಬಸುರಿಗೆ ಹತ್ತೊಂಬತ್ತು ಡಿಗ್ರಿಗೇ ಸೆಕೆ, ಅವಳ ಅಮ್ಮನಿಗೆ ಇಪ್ಪತ್ತೈದಾದ್ರೂ ಬೇಕು. ನಾನು ಇಪ್ಪತ್ತಕ್ಕೆ ತಿರುಗಿಸಿ, "ಇದನ್ನ ಯಾರೂ ಮುಟ್ಟಬಾರದು" ಅಂತ ಚೀಟಿ ಅಂಟಿಸಿದೆ. ಅತ್ತೆ ಚೀಟಿ ಓದಿ ಅಡುಗೆಮನೆಗೆ ಹೋದರು. ಟಿಕೆಟ್ ಮಾತು ಮತ್ತೆ ಬರುತ್ತೆ ಅಂತ ಕಾದೆ.

ಮಾರನೇ ದಿನ ಆಫೀಸಿಂದ ಬಂದು ಬಾಗಿಲು ತೆಗೆದರೆ ಏಪ್ರಿಲ್ ತಿಂಗಳ ಚಿತ್ರದುರ್ಗ! ಹೆಂಡತಿ ಪೇಪರಲ್ಲಿ ಗಾಳಿ ಬೀಸ್ಕೊಳ್ತಿದ್ದಾಳೆ. ಅತ್ತೆ ಸ್ವೆಟರ್ ಬಿಚ್ಚಿಟ್ಟು ಹಾಯಾಗಿ ಬಟಾಣಿ ಬಿಡಿಸ್ತಿದ್ದಾರೆ. ಡಬ್ಬಿ ನೋಡಿದೆ. ಇಪ್ಪತ್ತರಲ್ಲೇ ಇದೆ, ಚೀಟಿಯೂ ಅಲ್ಲೇ ಇದೆ. ಆದರೆ ದೇವರ ಮುಂದೆ, ಡಬ್ಬಿಗೆ ಒರಗಿಕೊಂಡು, ಫ್ರೀಜರಿನಿಂದ ತೆಗೆದಿಟ್ಟ ತೆಂಗಿನ ತುರಿಯ ಪ್ಯಾಕೆಟ್ಟು! ಮಂಜುಗಡ್ಡೆ ತಾಗಿಸಿಕೊಂಡ ಡಬ್ಬಿ, ಅಯ್ಯೋ ಮನೆಯೆಲ್ಲಾ ಚಳಿ ಅಂತ ಹೀಟರನ್ನ ಒಂದೇ ಸಮ ಉರಿಸ್ತಿತ್ತು.

"ಅತ್ತೆ!" ಅಂದೆ.

ಮೊಟ್ಟಮೊದಲ ಸಲ ಅತ್ತೆ ನನ್ನ ಮುಖ ನೋಡಿ ಮಾತಾಡಿದರು. "ನಾನೇನೂ ಮುಟ್ಟಿಲ್ಲಪ್ಪ ಅಳಿಯಂದ್ರೇ. ದೇವರಿಗೆ ಸೆಕೆ ಆಗ್ತಿತ್ತಲ್ಲ, ತಂಪಾಗಿ ಒಂದಿಷ್ಟು ಕಾಯಿತುರಿ ನೈವೇದ್ಯ ಇಟ್ಟೆ. ಟಿಕೆಟ್ಟೇನೂ ಮಾಡಿಸ್ಬೇಡಿ, ಬಾಣಂತನ ಮುಗಿಸ್ಕೊಂಡೇ ಹೋಗ್ತೀನಿ. ಸ್ವಾಮಿ ಕಾರ್ಯಾನೂ ಆಯ್ತು, ಸ್ವಕಾರ್ಯಾನೂ ಆಯ್ತು!"