ಮುಂದಿನ ಚಕ್ರದ ಮೇಲೆ ದೂರು

ವಂಶದಲ್ಲಿ ಮೊದಲು ಡಿಗ್ರಿ ಮಾಡಿದವರಿಗೆ ಒಂದು ಬಗೆಯ ದಣಿವು ಅಂಟಿಕೊಂಡಿರುತ್ತದೆ. ಅದು ಓದಿದ ದಣಿವಲ್ಲ, ಓದು ಮುಗಿದ ಮೇಲೆ ಶುರುವಾಗುವಂಥದ್ದು. ನಾನು ಮಗ್ಗೆ ಊರಿನವಳು. ನಮ್ಮ ಮನೆತನದಲ್ಲಿ ಅಪ್ಪನ ಕಡೆ, ಅಮ್ಮನ ಕಡೆ ಎಲ್ಲಿ ಹುಡುಕಿದರೂ ನನಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಹಾಸನದ ಹಾಸ್ಟೆಲಿನಲ್ಲಿ ಬೇಳೆಯನ್ನು ದೂರದಿಂದ ತೋರಿಸಿದಂತಿದ್ದ ಸಾರು ಉಂಡು, ರಜೆ ಬಂದಾಗ ಊರಿಗೆ ಹೋಗಿ ನಾಟಿ ಹಾಕಿ, ಕೈಯ ಕೆಸರು ತೊಳೆದು ಮತ್ತೆ ಬಂದು ಬಿ.ಎಸ್ಸಿ. ಮುಗಿಸಿದವಳು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಬೆವರು ಸುರಿಸಿ ಸಂಪಾದಿಸಿದ್ದನ್ನು ಯಾರಾದರೂ ಯಾಕೆ ಮುಚ್ಚಿಟ್ಟುಕೊಳ್ಳಬೇಕು? ಆದರೆ ಡಿಗ್ರಿ ಕೈಗೆ ಬಂದ ದಿನದಿಂದ ಮಗ್ಗೆಯಲ್ಲಿ ರೇಡಿಯೋ ಗೊರಗುಟ್ಟಿದರೂ ನನ್ನನ್ನೇ ಕರೆದರು, ಎಮ್ಮೆ ಮೇವು ಬಿಟ್ಟರೂ ನನ್ನನ್ನೇ ಕರೆದರು. ಮದುವೆಯಾಗಿ ಮಾರನಹಳ್ಳಿಗೆ ಬಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದ ಮೇಲೆ ಕಷ್ಟ ಇನ್ನೊಂದು ರೂಪ ತಾಳಿತು. ಗಂಡನ ಮನೆಯಲ್ಲಿ ನನ್ನನ್ನು ಕರೆಯುತ್ತಾರೆ, ಕೇಳುತ್ತಾರೆ, ನಾನು ಹೇಳಿ ಮುಗಿಸುವವರೆಗೂ ಸುಮ್ಮನಿರುತ್ತಾರೆ. ಆಮೇಲೆ ತಮಗೆ ತೋಚಿದ್ದನ್ನು ಮಾಡುತ್ತಾರೆ.

ನಮ್ಮ ಯಜಮಾನರು ಮಲ್ಲೇಶಪ್ಪನವರು ಕಾಫಿ, ಕಾಳುಮೆಣಸಿನ ವ್ಯಾಪಾರ ಮಾಡುವವರು. ನಮ್ಮದೇ ಒಂದು ಚಿಕ್ಕ ತೋಟವೂ ಇದೆ. ಜೀಪಿನಲ್ಲಿ ಸುಖವಾಗಿದ್ದ ಮನುಷ್ಯ, ಬೆಂಗಳೂರಿನಲ್ಲಿ ನೆಲೆಸಿದ ಎಸ್ಟೇಟ್ ಮಾಲೀಕರೊಬ್ಬರು ಮಾರಿದ ಪರದೇಶದ ಹಳೇ ಕಾರೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಅತ್ತೆ ಗೌರಮ್ಮನವರು ಅದಕ್ಕೆ ಆರತಿ ಎತ್ತಿದರು. ನನ್ನನ್ನು ಮನೆ ತುಂಬಿಸಿಕೊಂಡಾಗ ಹಿಡಿದಿದ್ದ ತಟ್ಟೆ ಇಷ್ಟು ದೊಡ್ಡದಿರಲಿಲ್ಲ ಎಂದು ನನಗೆ ಚೆನ್ನಾಗಿ ನೆನಪಿದೆ. ಆ ಕಾರಿನ ಹೆಚ್ಚುಗಾರಿಕೆ ಏನೆಂದರೆ, ಟೈರಿನಲ್ಲಿ ಗಾಳಿ ಕಮ್ಮಿಯಾದರೆ ಅದು ತಾನೇ ಹೇಳುತ್ತದೆ. ಸ್ಟೇರಿಂಗಿನ ಮುಂದಿನ ಗಾಜಿನಲ್ಲಿ ಹಳದಿ ದೀಪವೊಂದು ಹತ್ತಿಕೊಳ್ಳುತ್ತದೆ. ನಮ್ಮತ್ತೆ ಅದನ್ನು ನೋಡಿ, “ಮಡಕೇಲಿ ಮುದ್ದೆ ತಿರುವೋ ಕೋಲು ಇಟ್ಟಂಗೈತಲ್ಲೇ!” ಎಂದರು. ನೋಡಿದರೆ ನಿಜವಾಗಿಯೂ ಹಾಗೆಯೇ ಇತ್ತು. ಪಕ್ಕದಲ್ಲೇ ಕಾರಿನ ಪುಟ್ಟ ಚಿತ್ರವಿದ್ದು, ಯಾವ ಮೂಲೆಯ ಚಕ್ರಕ್ಕೆ ಹಸಿವಾಗಿದೆಯೋ ಆ ಮೂಲೆ ಹಳದಿಯಾಗುತ್ತದೆ.

ಮುಂಗಾರು ಹಿಡಿಯುವ ಹೊತ್ತಿಗೆ ಹಿಂದಿನ ಎರಡು ಟೈರು ಸವೆದು ಬೋಳಾಗಿದ್ದವು. ಹಾಸನಕ್ಕೆ ಹೋಗಿ ಹೊಸವನ್ನು ಹಾಕಿಸಿದೆವು. ಹಳೇ ಟೈರನ್ನು ರಿಮ್ಮಿನಿಂದ ಕಳಚಿದಾಗ ನಾನು ಬಗ್ಗಿ ನೋಡಿದೆ. ಗಾಳಿ ತುಂಬುವ ಮೂತಿಯ ಒಳಬದಿಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಪ್ಪು ತುಂಡೊಂದು ಕೂತಿತ್ತು. ಗಾಳಿಯ ಒತ್ತಡ ಅಳೆದು, ತಂತಿಯ ಹಂಗಿಲ್ಲದೆ ಕಾರಿಗೆ ಸುದ್ದಿ ಕಳಿಸುವ ಯಂತ್ರ ಅದು. ನಾಲ್ಕು ಚಕ್ರಕ್ಕೂ ಒಂದೊಂದು, ಒಂದೊಂದಕ್ಕೂ ಅದರದೇ ಬೇರೆ ನಂಬರು. ಅಂಗಡಿಯವನು ಅದನ್ನು ಮುರಿಯದೆ ಜೋಪಾನವಾಗಿ ಕೆಲಸ ಮುಗಿಸಿದ. ಅಷ್ಟರಲ್ಲಿ ಯಜಮಾನರು, “ಹೊಸವು ಮುಂದಕ್ಕಿರ್ಲಿ ಕಣಪ್ಪ, ಮುಂದಿನವ್ನ ಹಿಂದಕ್ಕೆ ತಳ್ಳು. ಹೊಸದು ಕಾಣೋ ಕಡೆ ಇರ್ಬೇಕು” ಎಂದರು. ಅವನು ರಿಮ್ಮಿನ ಸಮೇತ ಹಿಂದಿನ ಚಕ್ರಗಳನ್ನು ಮುಂದಕ್ಕೆ, ಮುಂದಿನವನ್ನು ಹಿಂದಕ್ಕೆ ಹಾಕಿಕೊಟ್ಟ. ಯಜಮಾನರು ಬಗ್ಗಿ ಹೊಸ ರಬ್ಬರಿನ ವಾಸನೆ ಎಳೆದುಕೊಂಡರು. ಮನೆಗೆ ಬಂದೆವು.

ಕೆಲವೇ ದಿನಗಳಲ್ಲಿ ಮುದ್ದೆ ಮಡಕೆ ಹೊತ್ತಿಕೊಂಡಿತು. ಚಿತ್ರದಲ್ಲಿ ಮುಂದಿನ ಎರಡೂ ಮೂಲೆ ಹಳದಿ. ಮೊದಮೊದಲು ಬೆಳಿಗ್ಗೆ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಆರುತ್ತಿತ್ತು. ನನಗೆ ಇಂಥ ಸಂದರ್ಭ ಸಿಕ್ಕಿದರೆ ಸಾಕು. ಅಂಗಳದಲ್ಲೇ ನಿಂತು, ಚಳಿಗೆ ಗಾಳಿ ಕುಗ್ಗುತ್ತದೆ, ಬಿಸಿಗೆ ಹಿಗ್ಗುತ್ತದೆ, ಕಾರು ಓಡಿ ಟೈರು ಬಿಸಿಯಾದರೆ ದೀಪ ತಾನಾಗಿ ಆರುತ್ತದೆ, ಚಿಂತೆ ಬೇಡ ಎಂದು ಒಂಬತ್ತನೇ ಕ್ಲಾಸಿನ ಪಾಠವನ್ನು ಪೂರ್ತಿ ಒಪ್ಪಿಸಿದೆ. ಆ ಪಾಠದಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಾರಿನ ಕಾಯಿಲೆ ಮಾತ್ರ ಅದಾಗಿರಲಿಲ್ಲ. ಮುಂದಿನ ವಾರ ದೀಪ ಮಧ್ಯಾಹ್ನವೂ ಆರಲಿಲ್ಲ. “ಏನ್ ಮೇಡಮ್ಮೋರೇ, ಈಗ ಮಧ್ಯಾನ್ವೂ ಚಳೀನಾ?” ಎಂದು ಯಜಮಾನರು ಕೇಳಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಅದನ್ನೇ ಇನ್ನಷ್ಟು ಗಮನವಿಟ್ಟು ಆರಿಸಿದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮಳೆಗಾಲದಲ್ಲಿ ತೋಟದ ಏರುದಾರಿ ಬೆಣ್ಣೆ ಸವರಿದ ಹಾಗಿರುತ್ತದೆ. ಜೀಪು ಜಾರದೆ ಹತ್ತಲಿ ಎಂದು ಹಿಂದಿನ ಟೈರುಗಳಿಂದ ಒಂದಿಷ್ಟು ಗಾಳಿ ಬಿಡುತ್ತಾರೆ. ಮೆತ್ತಗಾದ ಟೈರು ಅಗಲವಾಗಿ ಕೂತು ಕೆಸರನ್ನು ಹಿಡಿಯುತ್ತದೆ. ಪೇಟೆಗೆ ಇಳಿಯುವಾಗ ಮತ್ತೆ ತುಂಬಿಸಿಕೊಳ್ಳುತ್ತಾರೆ. ಯಜಮಾನರ ಕೈ ಈ ಕೆಲಸವನ್ನು ತಲೆಯ ಅಪ್ಪಣೆಗೆ ಕಾಯದೆ ಮಾಡಿಬಿಡುತ್ತದೆ. ಪರದೇಶದ ಕಾರಿಗೂ ಅದನ್ನೇ ಮಾಡುತ್ತಿದ್ದರು. ಮಳೆ ಹೆಚ್ಚಿದಂತೆ ಬಿಡುವ ಗಾಳಿಯೂ ಹೆಚ್ಚಿತು. ಪೇಟೆಗೆ ಹೋದಾಗ ಮಾತ್ರ ಕಾರು ಬೇಡಿದ ಕಡೆಗೇ ಗಾಳಿ ಹಾಕಿಸುತ್ತಿದ್ದರು. ಕಾರು ಮುಂದಕ್ಕೆ ಬೇಡುತ್ತಿತ್ತು. “ಹಿಂದಕ್ಕೂ ಹಾಕ್ಸಿ, ನೀವೇ ಬಿಟ್ಟಿದ್ದೀರಲ್ಲ” ಎಂದೆ.

“ಹಿಂದಕ್ಕೆ ಕಮ್ಮಿ ಆಗಿದ್ರೆ ಅದು ಹೇಳ್ತಿರ್ಲಿಲ್ವಾ? ಅಷ್ಟು ದುಡ್ಡಿನ ಗಾಡಿ ಸುಮ್ನಿರ್ತದಾ? ಅದ್ಕೆ ಅಷ್ಟೇ ಸಾಕು ಅನ್ಸೈತೆ ಕಣೇ.”

ಮುಂದಿನ ಟೈರುಗಳು ಕಲ್ಲಾದವು, ಹಿಂದಿನವು ಇಡ್ಲಿಯಾದವು. ದೀಪ ಅಲ್ಲಾಡಲಿಲ್ಲ. ಯಜಮಾನರು ಹಾಸನದ ಅಂಗಡಿಯವನಿಗೆ ಫೋನು ಮಾಡಿ, “ಏನಯ್ಯಾ, ತೂತು ಟೈರು ಕೊಟ್ಬುಟ್ಟಿದ್ದೀಯಲ್ಲ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಅತ್ತೆ ಎಲೆ ಅಡಿಕೆ ಕುಟ್ಟುತ್ತ, “ಹಳೇವು ಇದ್ದಾಗ ಒಂದಿನಾನೂ ರಗಳೆ ಇರ್ಲಿಲ್ಲ. ಹೊಸ್ದು ಬಂತು ನೋಡು, ಶುರುವಾಯ್ತು” ಎಂದರು. ಈ ವಾಕ್ಯವನ್ನು ನಾನು ಈ ಮನೆಯಲ್ಲಿ ಮೊದಲ ಸಲ ಕೇಳುತ್ತಿರಲಿಲ್ಲ. ನಾನು ಬಂದ ಹೊಸದರಲ್ಲಿ ಹಾಲು ಒಡೆದಾಗ, ಹಸು ಒದ್ದಾಗ ಎಲ್ಲ ಕೇಳಿದ್ದೆ. ಅಂಗಳಕ್ಕೆ ಇಳಿದು ಆ ಹೊಸ ಟೈರುಗಳಿಗೆ ಅಂಟಿದ್ದ ಕೆಸರು ಒರೆಸಿ ಬಂದೆ.

ಗುಟ್ಟು ಹೊಳೆದದ್ದು ಕ್ಲಾಸಿನಲ್ಲಿ. ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹಿಂದೆ ಕಿಟಕಿಯ ಕಡೆಯಿಂದ ಗುಸುಗುಸು ಕೇಳಿತು. ತಿರುಗದೆಯೇ, “ಜಯಮ್ಮಾ, ಸಾಕು ಮಾತು” ಎಂದೆ. “ನಾನಲ್ಲ ಮಿಸ್!” ಎಂದು ಜಯಮ್ಮ ಬಾಗಿಲ ಕಡೆಯ ಬೆಂಚಿನಿಂದ ಎದ್ದು ನಿಂತಳು. ಹುಡುಗಿಯರು ಜಾಗ ಬದಲಿಸಿಕೊಂಡಿದ್ದರು, ನನಗೆ ಯಾರೂ ಹೇಳಿರಲಿಲ್ಲ. ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಂತಿತು. ಕಾರಿನದೂ ಇದೇ ಕಥೆ! ಇಂಥ ನಂಬರಿನ ಚಕ್ರ ಇಂಥ ಮೂಲೆಯದು ಎಂದು ಅದು ಒಮ್ಮೆ ಕಲಿತು ಕೂತಿದೆ. ನಾವು ಜಾಗ ಬದಲಿಸಿದ್ದನ್ನು ಅದಕ್ಕೆ ಯಾರೂ ಹೇಳಿಲ್ಲ. ಈಗ ಹಿಂದಿರುವ ಚಕ್ರ “ನನಗೆ ಗಾಳಿಯಿಲ್ಲ” ಎಂದರೆ ಅದು ಹಳೇ ನೆನಪಿನಲ್ಲಿ ಮುಂದಿನ ಮೂಲೆಗೆ ದೀಪ ಹಚ್ಚುತ್ತಿದೆ. ಸಂಜೆ ಬಂದು ಯಜಮಾನರಿಗೆ ಲೋಟ, ಚಮಚ ಇಟ್ಟು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, “ಹೋದ ಸಲ ಚಳಿ ಅಂದೆ” ಎಂದು ಲೋಟ ಎತ್ತಿಕೊಂಡು ಕಾಫಿ ಕುಡಿದರು.

ಇದೆಲ್ಲ ಹಾಗೇ ಇದ್ದುಬಿಡಬಹುದಿತ್ತು. ಆದರೆ ಶ್ರಾವಣದಲ್ಲಿ ನನ್ನ ತಂಗಿ ಸುಮಾಳ ಮದುವೆ ನಿಶ್ಚಯದ ವೀಳ್ಯಶಾಸ್ತ್ರ ಗೊತ್ತಾಯಿತು. ಗಂಡಿನವರು ಪಾಳ್ಯದವರು, ಭತ್ತ ರಾಗಿ ಬೆಳೆಯುವ ದೊಡ್ಡ ಸಂಸಾರ. ನಮ್ಮ ಅಮ್ಮ ಇಲ್ಲ, ತಾಯಿಯ ಜಾಗದಲ್ಲಿ ನಿಂತು ಮಡಿಲು ತುಂಬಬೇಕಾದವಳು ನಾನೇ. ಅವಳನ್ನು ಓದಿಸಿದವಳೂ ನಾನೇ, ಪೇಚು ಬಂದದ್ದೂ ಅಲ್ಲಿಂದಲೇ. ಗಂಡಿನ ಅಜ್ಜಿ, “ಓದಿದ ಹೆಣ್ಣು, ಬಾಯಿ ಜೋರಿರ್ತದೆ. ಅಕ್ಕನ್ನ ನೋಡಿದ್ರೆ ತಂಗಿ ಗೊತ್ತಾಗ್ತಾಳೆ” ಎಂದಿದ್ದರಂತೆ. ಸುಮಾ ಫೋನಿನಲ್ಲಿ ಬೇಡಿಕೊಂಡಳು. “ಅಕ್ಕಾ, ಹೊತ್ತಿಗೆ ಸರಿಯಾಗಿ ಬಾ. ಅಲ್ಲಿ ಯಾರು ಏನ್ ತಪ್ಪು ಹೇಳಿದ್ರೂ ತಿದ್ದಬೇಡ. ಅವತ್ತೊಂದಿನ ಕಣೇ, ನಿನ್ನ ಕಾಲಿಗೆ ಬೀಳ್ತೀನಿ.” ಹುಡುಗ ಒಳ್ಳೆಯವನು, ಅವಳಿಗೆ ಮನಸ್ಸಾಗಿತ್ತು. ಮಾತು ಕೊಟ್ಟೆ.

ಆ ಬೆಳಿಗ್ಗೆ ರೇಷ್ಮೆ ಸೀರೆ, ತಟ್ಟೆ, ಮಡಿಲಕ್ಕಿ, ಅತ್ತೆ ಸಮೇತ ಪಾಳ್ಯಕ್ಕೆ ಹೊರಟೆವು. ಸಕಲೇಶಪುರದಲ್ಲಿ ಯಜಮಾನರು ಮುಂದಿನ ಕಲ್ಲುಗಳಿಗೆ ಇನ್ನೊಂದಿಷ್ಟು ಗಾಳಿ ಹೊಡೆಸಿದರು. ಊರು ದಾಟಿ ತಿರುವು ಬಂದಾಗಲೆಲ್ಲ ಕಾರಿನ ಹಿಂಭಾಗ ಕೊಬ್ಬಿದ ಎಮ್ಮೆಯ ಹಾಗೆ ಬಳುಕತೊಡಗಿತು. ಮುಂಭಾಗ ಒಂದೊಂದು ಗುಂಡಿಗೂ ನೆಗೆಯುತ್ತಿತ್ತು. “ತೊಟ್ಲಲ್ಲಿ ಹಾಕಿ ತೂಗ್ದಂಗಾಯ್ತದೆ” ಎಂದು ಅತ್ತೆ ಕಣ್ಣು ಮುಚ್ಚಿದರು. ಎದುರಿನಿಂದ ಲಾರಿಯೊಂದು ಬಂದಾಗ ಕಾರು ಪಕ್ಕಕ್ಕೆ ಎಳೆಯಿತು, ಅತ್ತೆಯ ಕಣ್ಣು ತೆರೆಯಿತು. ಹಿಂದಿನಿಂದ ರಬ್ಬರು ಕಾದ ವಾಸನೆ ಬರುತ್ತಿತ್ತು. ಟೈರು ಒಡೆದರೆ ಶಾಸ್ತ್ರಕ್ಕಲ್ಲ, ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಸುಮಾ ಅಲ್ಲಿ ತಾಯಿಯ ಜಾಗ ಖಾಲಿ ನೋಡಿಕೊಂಡು ಕೂರಬೇಕಾಗುತ್ತದೆ. “ರೀ, ನಿಲ್ಸಿ. ಬಾಳೆಹಣ್ಣು ಮರೆತಿದ್ದೀವಿ” ಎಂದೆ. ಮರೆತಿರಲಿಲ್ಲ. ಸೀಟಿನ ಕೆಳಗೆ ನನ್ನ ಕಾಲಿನಿಂದಲೇ ಇನ್ನಷ್ಟು ಒಳಕ್ಕೆ ತಳ್ಳಿದ್ದೆ.

ಬಾಳ್ಳುಪೇಟೆಯಲ್ಲಿ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿ, “ಮುಂದಕ್ಕೆ ಒಂಚೂರು ಗಾಳಿ ನೋಡಪ್ಪ” ಎಂದು ಹೇಳಿ ಯಜಮಾನರು ಹಣ್ಣಿನ ಅಂಗಡಿಗೆ ಹೋದರು. ನಾನು ಇಳಿದೆ.

“ಹಿಂದಕ್ಕೆ ತುಂಬಪ್ಪ, ಎರಡಕ್ಕೂ.”

“ಅಣ್ಣ ಮುಂದಕ್ಕೆ ಅಂದ್ರಲ್ಲಕ್ಕ?”

“ಅಣ್ಣ ಬಾಳೆಹಣ್ಣು ತರೋಕೆ ಹೋದ್ರು. ಅಕ್ಕ ಇಲ್ಲೇ ಇದ್ದಾಳಲ್ಲ, ತುಂಬು.”

ಅವನು ಹಿಂದಿನ ಟೈರನ್ನು ಒದ್ದು ನೋಡಿ, ಇನ್ನು ಮಾತಾಡದೆ ಪೈಪು ಎಳೆದ. ನಾನು ಸೀರೆ ಎತ್ತಿ ಕಟ್ಟಿ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ತಲೆಯ ಪಿನ್ನಿನಿಂದ ಮೂತಿ ಒತ್ತಿ ಹೆಚ್ಚಿನ ಗಾಳಿ ಬಿಡತೊಡಗಿದೆ. ಕಿಟಕಿಯಿಂದ ಅತ್ತೆಯ ತಲೆ ಹೊರಗೆ ಬಂತು.

“ಏನೇ ಅದು ಬುಸ್ಸಂತಾ?”

“ಗಾಳಿ ಬಿಡ್ತಿದ್ದೀನಿ ಅತ್ತೆ.”

“ಅವನ್ಗೆ ಗೊತ್ತಾ?”

“ಇಲ್ಲ.”

ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸಾಗಿಸಿದರು. ರಸ್ತೆಯ ಆಚೆ ನೋಡಿದರು. “ಬಿರ್‍ನೆ ಬಿಡು, ದುಡ್ಡು ಕೊಡ್ತಾ ಅವ್ನೆ” ಎಂದರು.

ಬಾಳ್ಳುಪೇಟೆ ಬಿಟ್ಟು ಸ್ವಲ್ಪ ದೂರ ಹೋಗುವುದರೊಳಗೆ ದೀಪ ಆರಿತು. ಕಾರು ನೆಟ್ಟಗೆ ಹೋಗುತ್ತಿತ್ತು. ಯಜಮಾನರು ಸ್ಟೇರಿಂಗ್ ಗುದ್ದಿ, “ನೋಡ್ದಾ! ಮುಂದಕ್ಕೆ ಹೊಡೀತಾ ಹೋದ್ರೆ ಒಂದಲ್ಲ ಒಂದಿನ ಆರ್‍ಲೇಬೇಕು. ಈಗ ಗಾಳಿ ಸೆಟ್ಟಾಯ್ತು” ಎಂದರು. ನಾನು ಬಾಯಿ ತೆರೆದೆ. ಅತ್ತೆ ಹಿಂದಿನಿಂದ ನನ್ನ ಭುಜ ಚಿವುಟಿದರು. ಶಾಸ್ತ್ರ ಮುಗಿಯಲಿ, ವಾಪಸು ಬರುವಾಗ ಎಲ್ಲ ಬಿಡಿಸಿ ಹೇಳೋಣ ಎಂದು ಬಾಯಿ ಮುಚ್ಚಿದೆ.

ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಅಮ್ಮನ ಜಾಗದಲ್ಲಿ ನಿಂತು ಮಡಿಲು ತುಂಬಿದೆ. ಸುಮಾ ಕಣ್ಣಲ್ಲೇ ನಕ್ಕಳು. ಊಟಕ್ಕೆ ಕೂತಾಗ ಯಜಮಾನರು ಗಂಡಿನ ಕಡೆಯವರಿಗೆಲ್ಲ ಕಾರಿನ ಕಥೆ ಶುರು ಮಾಡಿದರು. ಮುಂದಕ್ಕೆ ಗಟ್ಟಿಯಾಗಿ ಹೊಡೆದರೆ ಹಿಂದಿನದು ತಾನೇ ಸರಿಹೋಗುತ್ತದಂತೆ, ಗಾಳಿ ಒಳಗೊಳಗೇ ಸಮ ಮಾಡಿಕೊಳ್ಳುತ್ತದಂತೆ! ನಾಲ್ಕು ಟೈರೂ ಬೇರೆ ಬೇರೆ ಎಂಬುದು ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನಾನು ಹೋಳಿಗೆಯನ್ನು ದೊಡ್ಡದಾಗಿ ಮುರಿದು ಬಾಯಿಗೆ ತುಂಬಿಕೊಂಡೆ. ಸಾಲದಕ್ಕೆ ಯಜಮಾನರು, “ಬೇಕಾದ್ರೆ ನಮ್ಮನೆಯವ್ಳನ್ನೇ ಕೇಳಿ, ಬಿ.ಎಸ್ಸಿ. ಓದಿರೋಳು” ಎಂದರು.

ಪಂಕ್ತಿಯೆಲ್ಲ ನನ್ನ ಕಡೆ ತಿರುಗಿತು. ಗಂಡಿನ ಅಜ್ಜಿ ಕೈಯನ್ನು ಎಲೆಯ ಮೇಲೆ ಹಾಗೇ ಇಟ್ಟುಕೊಂಡು, “ಹೌದೇನವ್ವಾ?” ಎಂದು ಕೇಳಿದರು. ಸುಮಾ ತಲೆ ತಗ್ಗಿಸಿದಳು. ಅವಳ ಕಿವಿ ಕೆಂಪಾಗಿದ್ದು ಅಷ್ಟು ದೂರಕ್ಕೂ ಕಾಣುತ್ತಿತ್ತು. ನಾನು ಹಾಸ್ಟೆಲಿನ ಸಾರನ್ನು ನೆನೆದೆ, ನಮ್ಮ ಫಿಸಿಕ್ಸ್ ಮೇಷ್ಟ್ರನ್ನು ನೆನೆದು ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

“ಹೌದಜ್ಜಿ. ಅವರು ಹೇಳಿದ್ದು ಸರಿ.”

“ಎಷ್ಟು ತಣ್ಣಗಿನ ಹೆಣ್ಣವ್ವಾ! ಓದಿರೋಳು ಅಂತ ಹೇಳೋಕೇ ಆಗಲ್ಲ” ಎಂದು ಅಜ್ಜಿ ಇನ್ನೊಂದು ಹೋಳಿಗೆ ಹಾಕಿಸಿದರು. ತಂಗಿಯ ಮದುವೆ ಅಲ್ಲಿಗೆ ಗಟ್ಟಿಯಾಯಿತು.

ವಾಪಸು ಬರುವಾಗ ಎಲ್ಲ ಬಿಡಿಸಿ ಹೇಳಿದೆ. ಯಜಮಾನರು ಕೊನೆಯವರೆಗೂ ಕೇಳಿ, “ಅಷ್ಟು ಜನದ ಮುಂದೆ ಹೌದು ಅಂದೋಳು ಈಗ ಅಲ್ಲ ಅಂತೀಯಲ್ಲೇ ಮಾರಾಯ್ತಿ!” ಎಂದರು. ಅತ್ತೆಯ ಕಡೆ ನೋಡಿದೆ. ಅವರಿಗೆ ಆಗಲೇ ಗಾಢ ನಿದ್ದೆ ಬಂದುಬಿಟ್ಟಿತ್ತು. ಈಗ ಪಾಳ್ಯದಿಂದ ಮಾರನಹಳ್ಳಿಯವರೆಗೆ ಕೆಸರಿಗೆ ಇಳಿಯುವ ಜೀಪುಗಳೆಲ್ಲ ಮುಂದಿನ ಟೈರನ್ನು ಕಲ್ಲು ಮಾಡಿಕೊಂಡು ಕುಣಿಯುತ್ತ ಓಡಾಡುತ್ತಿವೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ರೈತರೊಬ್ಬರು ಇನ್ನೊಬ್ಬರಿಗೆ ಅದನ್ನೇ ಉಪದೇಶ ಮಾಡುತ್ತಿದ್ದರು. ಕೇಳುತ್ತಿದ್ದವರಿಗೆ ನಂಬಿಕೆ ಬರಲಿಲ್ಲ. “ಸುಮ್ನಿರೋ ಮಾರಾಯ, ಯಾರ್ ಹೇಳಿದ್ದು ನಿಂಗೆ?” ಎಂದರು.

“ಮಾರನಹಳ್ಳಿ ಹೈಸ್ಕೂಲ್ ಮೇಡಮ್ಮು ಕಣೋ. ಸೈನ್ಸ್ ಓದಿರೋರು. ಅವ್ರೇ ಒಪ್ಪವ್ರೆ.”

ನನ್ನ ಡಿಗ್ರಿಯ ಮೇಲೆ ಈ ಸೀಮೆಯಲ್ಲಿ ಒಬ್ಬರಾದರೂ ಇಷ್ಟು ಭರವಸೆಯಿಂದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಂದ ಬಸ್ಸು ಯಾವ ಊರಿನದೆಂದೂ ನೋಡದೆ ಹತ್ತಿಬಿಟ್ಟೆ.