ಬೆರಕೆ ಸೊಪ್ಪಿಗೆ ಊರೆಲ್ಲ ಅಡ್ಮಿನ್

ಮಕ್ಕಳೇ, ನಿಮ್ಮ ಅಜ್ಜಿಗೆ ನಾಲಿಗೆ ಇದೆ ಎಂಬುದು ಹೊರಗಿನ ಬಹಳ ಜನರಿಗೆ ಗೊತ್ತಿಲ್ಲ. ಮನೆಯೊಳಗೆ ನಾನು ಎಷ್ಟು ಮಾತಾಡುತ್ತೇನೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಹೊಸಿಲು ದಾಟಿ ನಾಲ್ಕು ಜನರ ಮುಂದೆ ನಿಂತರೆ ಬಾಯಿ ಒಣಗಿ, ಆಡಬೇಕಾದ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ವಿದುರಾಶ್ವತ್ಥದ ಹತ್ತಿರದ ನಮ್ಮ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗ "ಬಂದಿದೀನಿ ಸಾರ್" ಎನ್ನುವಷ್ಟು ಧೈರ್ಯವೂ ನನಗಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ರತ್ನ ತನ್ನ ಹಾಜರಿಯ ಜೊತೆಗೆ "ಸರೋಜಾನೂ ಬಂದವ್ಳೆ ಸಾರ್" ಎಂದು ನನ್ನದನ್ನೂ ಕೂಗುತ್ತಿದ್ದಳು. ರತ್ನನಿಗೆ ಜ್ವರ ಬಂದ ದಿನ ನಾನೂ ಗೈರುಹಾಜರಿ. ಸ್ಲೇಟು ಹಿಡಿದು ಮೇಷ್ಟ್ರ ಕಣ್ಣೆದುರೇ ಕೂತಿದ್ದರೂ ಗೈರುಹಾಜರಿ. ಇಂಥವಳನ್ನು ಹಿಡಿದು ಮೊಬೈಲಿನ ಗುಂಪೊಂದಕ್ಕೆ ಅಡ್ಮಿನ್ ಮಾಡಿದರೆ ಏನಾಗುತ್ತದೆ ಎಂಬುದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಮುಂದೆ ನಿಮ್ಮಲ್ಲಿ ಯಾರಾದರೂ ಅಡ್ಮಿನ್ ಆಗುವವರಿದ್ದರೆ ಓದಿಕೊಂಡು ಹುಷಾರಾಗಿರಿ.

ಗುಂಪಿನ ಹೆಸರು 'ಬೆರಕೆ ಸೊಪ್ಪು'. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಗಣಿಕೆ, ಕೀರೆ, ಹೊನಗೊನೆ ಎಲ್ಲವನ್ನೂ ಮಡಿಲಿಗೆ ಬಿಡಿಸಿಕೊಂಡು ಬಂದು, ಒಟ್ಟಿಗೆ ಬೇಯಿಸಿ ಸಾರು ಮಾಡುತ್ತೇವಲ್ಲ, ಅದೇ ಸೊಪ್ಪು. ಯಾವುದು ತಿನ್ನುವುದು, ಯಾವುದು ಬರೀ ಕಳೆ ಎಂಬ ಗುರುತು ಈಗಿನವರಿಗೆ ಸಿಗುವುದಿಲ್ಲವೆಂದು ನಿಮ್ಮ ತಾತನ ಸ್ನೇಹಿತರು ವೆಂಕಟರವಣಪ್ಪ ಮೇಷ್ಟ್ರು ಈ ಗುಂಪು ಕಟ್ಟಿದ್ದರು. ಒಬ್ಬರು ಗಿಡದ ಫೋಟೋ ಹಾಕಿ ಕೇಳುವುದು, ತಿಳಿದವರು ಹೇಳುವುದು, ಅದಕ್ಕೊಬ್ಬರು ಅಡ್ಡಮಾತು ಹಾಕುವುದು. ಮಗಳು, ಅಳಿಯ ಕೆಲಸಕ್ಕೂ ನಿಮ್ಮ ಸಿಂಧು ಅಕ್ಕ ಕಾಲೇಜಿಗೂ ಹೊರಟ ಮೇಲೆ ಚಿಕ್ಕಬಳ್ಳಾಪುರದ ಈ ಮನೆಯಲ್ಲಿ ಉಳಿಯುವುದು ನಾನು, ಜೊತೆಗೆ ಫ್ರಿಜ್ಜಿನ ಗೊರಗೊರ ಸದ್ದು. ಆಗ ಕಾಫಿ ಲೋಟ ಹಿಡಿದು ಗುಂಪು ತೆರೆದರೆ ಜಗಲಿಯ ಮೂಲೆಯಲ್ಲಿ ಕೂತು ಊರವರ ಮಾತು ಕೇಳಿದಷ್ಟು ಸುಖ. ನಾನು ಒಂದಕ್ಷರ ಬರೆದವಳಲ್ಲ. ಆದರೂ ನಿಮ್ಮ ತಾತ ಹೋದ ಮೇಲೆ ಹಗಲು ಹೊತ್ತಿನಲ್ಲಿ ನನಗಿದ್ದ ಮನುಷ್ಯರ ಸಹವಾಸ ಅದೊಂದೇ.

ಮೇಷ್ಟ್ರಿಗೆ ಕಣ್ಣು ಮಂಜಾಗುತ್ತ ಬಂತು. ಒಂದು ದಿನ ಫೋನ್ ಮಾಡಿ, "ಸರೋಜಮ್ಮ, ಇನ್ನು ಈ ಗುಂಪು ನಿಮ್ದು. ಅಲ್ಲಿ ಯಾರ ಹತ್ರಾನೂ ಜಗಳ ಆಡ್ದೇ ಇರೋರು ನೀವೊಬ್ರೇ" ಎಂದರು. ಬಾಯಿ ಬಿಟ್ಟರೆ ತಾನೇ ಮೇಷ್ಟ್ರೇ ಜಗಳ ಬರೋದು ಎನ್ನಬೇಕೆಂದಿದ್ದೆ. ಬಾಯಿ ಬರಲಿಲ್ಲ. ಅಡ್ಮಿನ್ ಆದೆ.

ನನ್ನ ಕೈಗುಣವೋ ಏನೋ, ಅಂದಿನಿಂದ ಗುಂಪು ಬಾಡತೊಡಗಿತು. ಮಾತಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು, ಕೆಲವರು ಹೇಳದೆ ಕೇಳದೆ ಎದ್ದು ಹೋದರು. ಉಳಿದದ್ದು ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಮೇಲೆ ಬರೆದ ಶುಭೋದಯ, ಕಾಫಿ ಕಪ್ಪಿನ ಮೇಲೆ ಬರೆದ ಶುಭೋದಯ, ಮುದ್ದು ಮಗುವಿನ ಕೆನ್ನೆ ಪಕ್ಕದ ಶುಭೋದಯ. ಇವುಗಳ ನಡುವೆ ಪಾಪ, ಶಿಡ್ಲಘಟ್ಟದ ಕಡೆಗೆ ಹೊಸದಾಗಿ ಸೊಸೆಯಾಗಿ ಬಂದ ರೂಪಾ ಎಂಬ ಹುಡುಗಿ. "ಇದು ತಿನ್ನೋ ಸೊಪ್ಪಾ? ನಮ್ಮತ್ತೇನ ಕೇಳಿದ್ರೆ ನಗ್ತಾರೆ. ಒಲೆ ಮೇಲೆ ನೀರಿಟ್ಟಿದೀನಿ, ಬೇಗ ಹೇಳ್ರಪ್ಪಾ" ಎಂದು ಫೋಟೋ ಹಾಕುತ್ತಿದ್ದಳು. ಎಲ್ಲರೂ ನೋಡಿದ ಗುರುತು ಬೀಳುತ್ತಿತ್ತು; ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ "ಯಾರೂ ಇಲ್ವಾ?" ಎಂದು ಬರೆಯುತ್ತಿದ್ದಳು. ನನಗೆ ಮೈ ಉರಿದುಹೋಗುತ್ತಿತ್ತು. ಎಂಥ ಜನ ಇವರು! ತಿಳಿದೂ ಸುಮ್ಮನೆ ಕೂರುತ್ತಾರಲ್ಲ! ಒಂದು ದಿನ ಅವಳು ಕೇಳಿದ್ದು ಗಣಿಕೆ ಸೊಪ್ಪೆಂದು ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. "ಗಣಿಕೆ ಕಣಮ್ಮ, ಧೈರ್ಯವಾಗಿ ಹಾಕು" ಎಂದು ಮೊಬೈಲಿನ ಹತ್ತಿರ ಬಾಯಿಟ್ಟು ಹೇಳಿಯೂ ಹೇಳಿದೆ. ಬರೆಯಲು ಮಾತ್ರ ಬೆರಳು ಏಳಲಿಲ್ಲ. ಸಂಜೆ ಸಿಂಧು ಬಂದ ಮೇಲೆ ಅವಳನ್ನೂ ಗುಂಪಿಗೆ ಸೇರಿಸಿ, ಅವಳ ಫೋನಿನಿಂದ ಬರೆಸಿದೆ. ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಬೇಳೆ ಸಾರು ಮಾಡಿ, ಉಂಡು, ಪಾತ್ರೆಯನ್ನೂ ತೊಳೆದಾಗಿತ್ತು.

ಗುಂಪು ನನ್ನ ಕೈಯಲ್ಲಿ ಕಣ್ಣು ಮುಚ್ಚಿದರೆ ಮೇಷ್ಟ್ರಿಗೆ ಯಾವ ಮುಖ ತೋರಿಸಲಿ, ಬೆಳಗಿನ ಕಾಫಿಯನ್ನು ಯಾರ ಮಾತು ಕೇಳುತ್ತ ಕುಡಿಯಲಿ ಎಂದು ಸಿಂಧುವಿನ ಸಲಹೆ ಕೇಳಿದೆ. ಅವಳು, "ಅಜ್ಜೀ, ಮೊದ್ಲು ಈ ಶುಭೋದಯಗಳ್ನ ಕಿತ್ತಾಕ್ಬೇಕು. ಇಷ್ಟೊಂದ್ ಹೂವಿನ ಮಧ್ಯ ಸೊಪ್ಪು ಯಾರಿಗ್ ಕಾಣುತ್ತೆ?" ಎಂದಳು. ಕಳೆ ಕೀಳುವ ಮಾತು, ಹೊಲದವಳಿಗೆ ಹಿಡಿಸಿತು. 'ಅಡ್ಮಿನ್ ಅಪ್ಪಣೆ: ಇನ್ನು ಮುಂದೆ ಈ ಗುಂಪಿನಲ್ಲಿ ಶುಭೋದಯ ಹಾಕಬಾರದು' ಎಂದು ಅವಳ ಫೋನಿನಿಂದಲೇ ಕಟ್ಟುನಿಟ್ಟಿನ ನಿಯಮ ಹಾಕಿಸಿದೆ. ಮರುದಿನ ಬೆಳಿಗ್ಗೆ ತೆರೆದರೆ ಶುಭೋದಯವೂ ಇಲ್ಲ, ಏನೂ ಇಲ್ಲ. ಆ ಗುಲಾಬಿಗಳೇ ಗುಂಪಿನ ಉಸಿರಾಗಿದ್ದವೆಂದು ಆಗ ತಿಳಿಯಿತು. ಆಮೇಲೆ ಸಿಂಧು, ಯಾವ ಸೊಪ್ಪು ರುಚಿ ಎಂದು ಮತ ಹಾಕಿಸೋಣ ಎಂದಳು. ಮತ ಬಿದ್ದದ್ದು ಅವಳದು ಮತ್ತು ನನ್ನದು. ಅವಳು ಕೀರೆಗೆ, ನಾನು ಅಣ್ಣೆಗೆ. ಆ ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಮೊಮ್ಮಗಳ ನಡುವೆ ಮಾತಿಲ್ಲ.

ಕಡೆಗೊಂದು ದಿನ ಚಿಂತಾಮಣಿ ಕಡೆಯ ಲಕ್ಷ್ಮೀದೇವಮ್ಮ ರೂಪಾಳ ಒಂದು ಪ್ರಶ್ನೆಗೆ ಉತ್ತರ ಕೊಟ್ಟರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಮರ್ಯಾದೆ ಮಾಡೋಣವೆಂದು ಅವರನ್ನೂ ಅಡ್ಮಿನ್ ಮಾಡಿಬಿಟ್ಟೆ. ಸಂಜೆಯೊಳಗೆ ಗೌರಿಬಿದನೂರಿನ ಅಶ್ವತ್ಥಪ್ಪನವರು ಮೇಷ್ಟ್ರಿಂದ ನನ್ನ ನಂಬರು ಪಡೆದು ಫೋನ್ ಮಾಡಿದರು. "ಏನಮ್ಮಾ, ನಾವ್ ಕಣ್ಣಿಗೆ ಕಾಣ್ಲಿಲ್ವಾ? ಗುಂಪು ಹುಟ್ಟಿದಾಗ್ನಿಂದ ಇರೋರು ನಾವು. ನೆನ್ನೆ ಬಂದೋರ್ಗೆಲ್ಲ ಪಟ್ಟಾಭಿಷೇಕ!" ನಾನು "ಅಯ್ಯೋ, ಹಂಗಲ್ಲಣ್ಣಾ" ಎಂದವಳು ಅವರನ್ನೂ ಮಾಡಿದೆ. ಆಮೇಲೆ ನಂದಿಯ ದ್ರಾಕ್ಷಿ ತೋಟದವರ ನೆನಪಾಯಿತು. ಅವರು ಬೇಜಾರು ಮಾಡಿಕೊಂಡರೆ? ಮದುವೆಗೆ ಕರೆಯಲು ಹೊರಟವಳು ಬೀದಿಯಲ್ಲಿ ಒಂದು ಮನೆ ಬಿಟ್ಟು ಇನ್ನೊಂದು ಮನೆ ಕರೆಯಲಾದೀತೇ? ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಆದ್ದರಿಂದ ಒಂದು ಸಂಜೆ ಕನ್ನಡಕ ಹಾಕಿಕೊಂಡು ಕೂತು, ಒಬ್ಬರನ್ನೂ ಬಿಡದೆ, ಗುಂಪಿನಲ್ಲಿದ್ದ ಎಲ್ಲರನ್ನೂ ಅಡ್ಮಿನ್ ಮಾಡಿದೆ. ರೂಪಾಳನ್ನೂ ಮಾಡಿದೆ. ಸಿಂಧು ನೋಡಿ ತಲೆ ಮೇಲೆ ಕೈ ಹೊತ್ತು, "ಅಜ್ಜೀ, ಇದೇನು ವೀಳ್ಯದೆಲೆನಾ ಎಲ್ರಿಗೂ ಹಂಚೋದಕ್ಕೆ?" ಎಂದಳು.

ಬೆಳಗಾಗುವಷ್ಟರಲ್ಲಿ ಗುಂಪಿಗೆ ಜೀವ ಬಂದಿತ್ತು. ಜೀವವೇನು, ಮೈಮೇಲೆ ದೇವರೇ ಬಂದಿತ್ತು. ಅಶ್ವತ್ಥಪ್ಪನವರು ಗುಂಪಿನ ಹೆಸರನ್ನು 'ಗೌರಿಬಿದನೂರು ಸೊಪ್ಪಿನ ಬಳಗ' ಎಂದು ಬದಲಿಸಿ, ಸೊಪ್ಪಿನ ಚಿತ್ರವಿದ್ದ ಕಡೆ ಕಪ್ಪು ಕನ್ನಡಕ ಹಾಕಿದ ತಮ್ಮದೇ ಚಿತ್ರ ಕೂರಿಸಿದ್ದರು. ಲಕ್ಷ್ಮೀದೇವಮ್ಮ ಅದನ್ನು ತೆಗೆದು ಚಿಂತಾಮಣಿಯ ಹೆಸರು ಹಾಕಿದರು. ನಂದಿಯವರು ದ್ರಾಕ್ಷಿ ಗೊಂಚಲು ತಂದಿಟ್ಟರು. ನಡುವೆ ಅಶ್ವತ್ಥಪ್ಪನವರು ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುತ್ತೇವೆ ಎಂದು ಬರೆದದ್ದೇ ತಡ, ಧ್ವನಿ ಮುದ್ರಿಸಿ ಮುದ್ರಿಸಿ ಬೈದಾಡಿದರು. "ಏಮಪ್ಪಾ ಅಶ್ವತ್ಥಪ್ಪಾ, ಕಟ್ಟು ಚೆಲ್ಬಿಟ್ಟು ಸಾರು ಯಾತ್ರಲ್ ಮಾಡ್ತೀರಾ, ನಲ್ಲಿ ನೀರಲ್ಲಾ?" ಎಂದು ಲಕ್ಷ್ಮೀದೇವಮ್ಮ. "ನಿಮ್ಮಂಗೆ ಹುಣಿಸೇಹಣ್ಣಲ್ಲೇ ಊರು ತೇಲ್ಸೋದಿಲ್ಲ ಕಣಮ್ಮೋ ನಾವು!" ಎಂದು ಅವರು. ರೂಪಾ ಒಂದು ಫೋಟೋ ಹಾಕಿದರೆ ಸಾಕು, ನೀರು ಕುದಿಯುವ ಮೊದಲೇ ಉತ್ತರಗಳ ರಾಶಿ ಬೀಳುತ್ತಿತ್ತು. ಅವಳ ಅತ್ತೆ ಕೂಡ ಬಂದು ಸೇರಿಕೊಂಡು ಸೊಸೆಯ ಪರವಾಗಿ ಜಗಳವಾಡುತ್ತಿದ್ದರು. ನಾನು ಕಾಫಿ ಆರಿದರೂ ತಿಳಿಯದೆ ಓದುತ್ತ ಕೂರುತ್ತಿದ್ದೆ. ಮೊಬೈಲು ಟಣ್ ಟಣ್ ಎಂದು ಪ್ರಾಣ ತಿನ್ನುತ್ತಿತ್ತು, ತಲೆನೋವು ಬಂತು, ಒಗ್ಗರಣೆ ಸೀದಿತು. ಆದರೂ ಬೈದುಕೊಂಡೇ ಓದುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಮೊಬೈಲು ಸದ್ದು ಮಾಡಲಿಲ್ಲ. ಮಧ್ಯಾಹ್ನವೂ ಇಲ್ಲ. ಮತ್ತೆ ಎಲ್ಲರೂ ಸುಮ್ಮನಾದರೆಂದು ರೇಗಿಕೊಂಡು ಕೂತಿದ್ದಾಗ ಸಿಂಧು ಬಂದಳು. ನನ್ನ ಮೊಬೈಲು ನೋಡಿದಳು, ತನ್ನದನ್ನು ನೋಡಿದಳು, ನಗು ತಡೆಯಲಾರದೆ ಸೋಫಾದ ಮೇಲೆ ಬಿದ್ದಳು.

"ಗುಂಪು ಚೆನ್ನಾಗೇ ನಡೀತೈತೆ ಅಜ್ಜೀ. ನಿಮ್ಮನ್ನ ತೆಗ್ದಾಕವ್ರೆ."

"ಯಾರೇ ಅದು?"

"ರೂಪಾ. ಒಂದ್ ಮಾತೂ ಆಡ್ದೆ ಸುಮ್ನೆ ನೋಡ್ಕೊಂಡ್ ಕೂರೋರ್ನೆಲ್ಲ ತೆಗೀಬೇಕು ಅಂತ ತೀರ್ಮಾನ ಮಾಡಿದ್ರಂತೆ. ಮೊದಲ್ನೇ ಹೆಸರೇ ನಿಮ್ದು."

ಯಾರಿಗಾಗಿ ನಾನು ಇಷ್ಟೆಲ್ಲ ಒದ್ದಾಡಿದೆನೋ ಅವಳೇ! ಸಿಂಧು, "ನಾನ್ ಹೇಳ್ಲಾ, ಇವ್ರು ನಮ್ಮಜ್ಜಿ ಅಂತ?" ಎಂದಳು. ಬೇಡ ಎಂದೆ. ಈ ವಯಸ್ಸಿನಲ್ಲೂ ರತ್ನನ ಕೈಲಿ ಹಾಜರಿ ಕೂಗಿಸಲೇ? ಸಿಂಧು ತೋರಿಸಿದ ಕಡೆ ಒತ್ತಿ, ಸೇರಿಸಿಕೊಳ್ಳಿ ಎಂದು ನಾನೇ ಕೇಳಿಕೊಂಡೆ. ತುಸು ಹೊತ್ತಿಗೆ ರೂಪಾಳಿಂದ ನನಗೊಬ್ಬಳಿಗೇ ಸಂದೇಶ ಬಂತು: "ನೀವು ಯಾರು ಆಂಟಿ, ಯಾವೂರು? ಏನಾದ್ರೂ ಒಂದ್ ಮಾತು ಬರೀರಿ, ಸೇರಿಸ್ಕೋತೀನಿ."

ಒಂದೇ ಒಂದು ಮಾತು. 'ನಾನು ಇದೇ ಗುಂಪಿನ ಅಡ್ಮಿನ್ ಆಗಿದ್ದೆ' ಎಂದು ಬರೆದೆ. ಜಂಬದಂತೆ ಕಂಡಿತು, ಅಳಿಸಿದೆ. 'ನೀನು ಅವತ್ತು ಕೇಳಿದ್ದು ಗಣಿಕೆ ಸೊಪ್ಪೆಂದು ನನಗೆ ಗೊತ್ತಿತ್ತು' ಎಂದು ಬರೆದೆ. ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಎಂದರೆ? ಅದನ್ನೂ ಅಳಿಸಿದೆ. ದೀಪ ಹಚ್ಚುವ ಹೊತ್ತಾಯಿತು. ಏನಾದರೂ ಸರಿ, ಕಳಿಸಿಬಿಡೋಣವೆಂದು ಮೊಬೈಲೆಲ್ಲ ತಡಕಾಡಿದಾಗ ಹಿಂದೆ ಯಾರೋ ಕಳಿಸಿದ್ದ ಕೆಂಪು ಗುಲಾಬಿಯೊಂದು ಸಿಕ್ಕಿತು. ಕಣ್ಣು ಮುಚ್ಚಿಕೊಂಡು ಅದನ್ನೇ ಕಳಿಸಿದೆ. ಮೇಲೆ ದಪ್ಪ ಅಕ್ಷರದಲ್ಲಿ ಶುಭೋದಯ ಎಂದಿತ್ತು.

ಉತ್ತರ ಕೂಡಲೇ ಬಂತು. "ಸೇರಿಸಿದೀನಿ ಆಂಟಿ. ಆದ್ರೆ ಗುಂಪಲ್ಲಿ ಶುಭೋದಯ ಮಾತ್ರ ಹಾಕ್ಬೇಡಿ. ಮುಂಚೆ ಯಾರೋ ಅಡ್ಮಿನ್ ಇದ್ರು, ಭಾರೀ ಜೋರಂತೆ, ಅವ್ರು ಮಾಡಿಟ್ಟಿರೋ ರೂಲು."

"ಆಗ್ಲಿ ಕಣಮ್ಮ" ಎಂದು ಮೊಬೈಲಿಗೆ ಹೇಳಿದೆ. ಬರೆಯಲಿಲ್ಲ.