ಮಂಬೆಟಾಲಿಯ ನಿದ್ದೆಗೆ ಹೊಣೆ ಯಾರು?

ಮಂಬೆಟಾಲಿ ತನ್ನ ಓರಗೆಯವರಿಗೆ ಇವತ್ತಿಗೂ ಒಂದು ಊಟ ಬಾಕಿ ಇದ್ದಾನೆ. ಅಂತಿಂಥ ಊಟವಲ್ಲ, ಇಡೀ ಒಂದು ಕುರಿಯ ಊಟ. ಕೊಡಲೇ ಇಲ್ಲ ಎಂದಲ್ಲ. ಕುರಿಯೂ ಸತ್ತಿತು, ಹಂಡೆಯೂ ಕುದಿಯಿತು, ಜನವೂ ಬಂದು ಕೂತರು. ಆದರೂ ಬಾಕಿ ಬಾಕಿಯೇ.

ತಲಾಸ್ ಕಣಿವೆಯಲ್ಲಿ ಹಿಮ ಬಿದ್ದು ಹೊಲದ ಕೆಲಸ ನಿಂತ ಮೇಲೆ ಗಂಡಸರಿಗೆ ಮಾಡಲು ಬೇರೇನೂ ಇರುವುದಿಲ್ಲ. ಆಗ ಒಂದೇ ವಾರಿಗೆಯವರು ಸೇರಿ, ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಕುರಿ ಕಡಿದು ಉಣ್ಣುತ್ತಾರೆ. ಇದಕ್ಕೆ ಷೆರಿನೆ ಎಂದು ಹೆಸರು. ಉಂಡವನು ಉಣಿಸಬೇಕು, ಇದೇ ಅದರ ಕಾಯಿದೆ. (ಕರುಳು ತೊಳೆಯುವವರು ಯಾರು, ಹಿಟ್ಟು ಲಟ್ಟಿಸುವವರು ಯಾರು ಎಂದು ಕಾಯಿದೆಯಲ್ಲಿ ಎಲ್ಲೂ ಹೇಳಿಲ್ಲ. ಹೇಳದೆ ನಡೆಯುವ ಕಾಯಿದೆಯೇ ಎಲ್ಲ ಊರುಗಳಲ್ಲೂ ಗಟ್ಟಿ.)

ಈ ಕೂಟದಲ್ಲಿ ಎಲ್ಲರಿಗಿಂತ ಹಿರಿಯ ಮಂಬೆಟಾಲಿ. ಹಿರಿತನವೆಂದರೆ ಬೀಗ ರಿಸ್ಕುಲ್‌ಗಿಂತ ಒಂದು ಚಳಿಗಾಲ ಹೆಚ್ಚು, ಅಷ್ಟೇ. ಆದರೆ ಆ ಒಂದು ಚಳಿಗಾಲದ ಬಲದಿಂದ ಬಾಗಿಲಿಗೆದುರಾದ ಗೌರವದ ಜಾಗ ಅವನದು. ಕುರಿಯ ತಲೆ ಅವನ ಮುಂದಕ್ಕೇ ಬರಬೇಕು. ಊಟ ಮುಗಿದ ಮೇಲೆ ಎರಡೂ ಅಂಗೈ ಬಿಚ್ಚಿ ಬಾತಾ ಹೇಳುವವನೂ ಅವನೇ. ಬಾತಾ ಎಂದರೆ ಹಿರಿಯರ ಹರಕೆ. ಜೀವಮಾನವೆಲ್ಲ ಸಾಮೂಹಿಕ ಬೇಸಾಯದ ಟ್ರ್ಯಾಕ್ಟರ್ ಓಡಿಸಿ, ಕಂಡ ಕಂಡ ಮೇಲ್ವಿಚಾರಕನ ಮುಂದೆ ಟೋಪಿ ತೆಗೆದವನಿಗೆ ಮುಪ್ಪಿನಲ್ಲಿ ದಕ್ಕಿದ ಏಕೈಕ ಅಧಿಕಾರ ಇದು.

ರಿಸ್ಕುಲ್ ಮನೆಯ ಸರದಿಯಲ್ಲಿ ಆ ಅಧಿಕಾರ ಕೈಬಿಟ್ಟಿತು. ಮಂಬೆಟಾಲಿ ಮುಂದಿಟ್ಟ ಬೆಂದ ತಲೆಯಿಂದ ಕಿವಿ ಕೊಯ್ದು ಕೈಯಲ್ಲಿ ಹಿಡಿದವನು ಹಾಗೇ ತೂಕಡಿಸಿದ. ಉಂಡಾದ ಮೇಲೆ ಎಲ್ಲರೂ ಅಂಗೈ ಬಿಚ್ಚಿಕೊಂಡು ಹರಕೆಗೆ ಕಾದರು, ಬಂದದ್ದು ಗೊರಕೆ. ತೋಳು ನೋಯುವ ತನಕ ಕಾದು, ಕೊನೆಗೆ ರಿಸ್ಕುಲ್ ತಾನೇ ಬಾತಾ ಹೇಳಿ ಮುಗಿಸಿದ. ಮಾರನೆಯ ದಿನ ಊರಿನ ಕತ್ತೆಗಳಿಗೂ ಆ ಸುದ್ದಿ ಗೊತ್ತಿತ್ತು. ಮುಂದಿನ ಸರದಿ ಮಂಬೆಟಾಲಿಯದು. ತನ್ನ ಮನೆಯಲ್ಲೇ, ತನ್ನ ಕುರಿಯ ಮುಂದೆಯೇ ಮತ್ತೆ ನಿದ್ದೆ ಹೋದರೆ ಹರಕೆಯ ಹಕ್ಕು ಶಾಶ್ವತವಾಗಿ ಬೀಗನ ಪಾಲು.

ಆರೋಗ್ಯ ಕೇಂದ್ರದ ಡಾಕ್ಟರಮ್ಮ ರಕ್ತ ನೋಡಿದಳು, ನಾಲಿಗೆ ನೋಡಿದಳು, ಏನೂ ಸಿಗಲಿಲ್ಲ. ಉಂಡ ಮೇಲೆ ಈ ಪರಿ ಜೋಂಪು ಹತ್ತುವುದಾದರೆ ಯಾವುದೋ ಒಂದು ಪದಾರ್ಥ ಒಗ್ಗುತ್ತಿಲ್ಲವೇನೋ. ಕೆಲವು ದಿನ ಒಂದನ್ನು ಬಿಟ್ಟು ನೋಡಿ, ಮೈ ಹೇಗಿದೆ ಎಂದು ಗಮನಿಸಿ, ಆಮೇಲೆ ಇನ್ನೊಂದನ್ನು ಬಿಡಿ ಎಂದಳು. ಮಂಬೆಟಾಲಿಗೆ ಇದು ಬಹಳ ಹಿಡಿಸಿತು. ಟ್ರ್ಯಾಕ್ಟರ್ ಕೆಟ್ಟಾಗ ಅವನು ಮಾಡುತ್ತಿದ್ದದ್ದೂ ಇದನ್ನೇ. ಒಂದೊಂದು ಬಿಡಿಭಾಗ ಕಳಚಿಟ್ಟು ಶಬ್ದ ಕೇಳುವುದು. ಅರವತ್ತು ದಾಟಿದ ಮೇಲೆ ಮೊದಲ ಸಲ ಅವನಿಗೆ ತನ್ನ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂಬ ಕುತೂಹಲ ಹುಟ್ಟಿತು.

ಲೆಕ್ಕ ಇಡುವುದಕ್ಕೆ ಎರಡು ಗಾಜಿನ ಭರಣಿ ತಂದ. ಮೈ ಹಗುರಾದ ದಿನ ಒಂದರಲ್ಲಿ ಬಿಳಿ ಬೀನ್ಸ್ ಕಾಳು, ಭಾರವಾದ ದಿನ ಇನ್ನೊಂದರಲ್ಲಿ ಕೆಂಪು ಕಾಳು. ಕಾಳು ಚೆಲ್ಲಿ ಕಣಿ ಹೇಳುವ ಊರಿನಲ್ಲಿ ಕಾಳು ಹಾಕಿ ಹೊಟ್ಟೆ ತಿಳಿಯುವುದು ದೊಡ್ಡ ಮಾತಲ್ಲ ಎಂದು ಹೆಂಡತಿ ಜೂರಾಕಾನ್‌ಗೆ ವಿವರಿಸಿದ. ಅವಳು ಒಲೆಗೆ ಬೆರಣಿ ತುರುಕುತ್ತ, ಭರಣಿ ಉಪ್ಪಿನಕಾಯಿಯದು, ವಾಪಸ್ ಬೇಕು ಎಂದಳು.

ಮೊದಲು ಬಿಟ್ಟದ್ದು ರೊಟ್ಟಿ. ಮನೆಯಲ್ಲಿ ರೊಟ್ಟಿಯ ಚೂರನ್ನೂ ಮುಟ್ಟಲಿಲ್ಲ; ಈ ಮಾತಿಗೆ ಜೂರಾಕಾನಳೇ ಸಾಕ್ಷಿ. ಆದರೆ ಆ ವಾರ ಅವನಿಗೆ ಊರಿನವರ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. ಒಬ್ಬರ ಮನೆಗೆ ಸುತ್ತಿಗೆ ಕೇಳಲು ಹೋದ, ಮತ್ತೊಬ್ಬರ ಮನೆಗೆ ಹಸುವಿನ ಆರೋಗ್ಯ ವಿಚಾರಿಸಲು. ಆಮೇಲೆ ಸುತ್ತಿಗೆ ಹಿಂತಿರುಗಿಸಲು ಹೋದ. ಅಲ್ಲಿಯ ಪದ್ಧತಿ ಹೇಗೆಂದರೆ, ಹೊಸ್ತಿಲಿಗೆ ಬಂದವನು ಎಷ್ಟೇ ಅವಸರದಲ್ಲಿರಲಿ, ಮನೆಯವರು ರೊಟ್ಟಿ ಹಿಡಿಯುತ್ತಾರೆ. ಬಂದವನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳದೆ ಹೋದರೆ ರೊಟ್ಟಿಗೆ ಅವಮಾನ, ಮನೆಗೆ ಅಪಶಕುನ. ಮಂಬೆಟಾಲಿ ಯಾವ ಮನೆಗೂ ಅಪಶಕುನ ತರಲಿಲ್ಲ. ಸಂಜೆ ಹೊತ್ತಿಗೆ ಒಲೆ ಪಕ್ಕ ಕೂತವನು ಅಲ್ಲೇ ಉರುಳಿಕೊಂಡ.

"ರೊಟ್ಟಿದೇನೂ ತಪ್ಪಿಲ್ಲ," ಎಂದು ವಾರದ ಕೊನೆಗೆ ತೀರ್ಪು ಕೊಟ್ಟ. "ಬಿಟ್ಟರೂ ನಿದ್ದೆ ಬರುತ್ತೆ."

"ಬಿಟ್ಟಿದ್ದೆಲ್ಲಿ? ಅದೇ ಸುತ್ತಿಗೆನ ಮೂರು ಸಲ ಇಸ್ಕೊಂಡು ಹೋದ ಅಂತ ಆ ಮನೆಯೋಳು ಪಂಪಿನ ಹತ್ರ ಹೇಳಿ ನಗ್ತಿದ್ಲು."

"ಅದು ತಿಂದಿದ್ದಲ್ಲ ಕಣೇ, ಮರ್ಯಾದೆ. ಮರ್ಯಾದೆ ಹೊಟ್ಟೆಗೆ ಹೋಗಲ್ಲ."

"ಹೌದಾ? ಮತ್ತೆ ನಿನ್ನ ಬೆಲ್ಟಿನ ತೂತು ಯಾವುದಕ್ಕೆ ಸಡಿಲ ಆಯ್ತು?"

ಎರಡನೆಯ ಸರದಿ ಮಾಂಸದ್ದು. ಮಾಂಸ ಬಿಟ್ಟು ತಿನ್ನುವುದೇನು? ತಲಾಸಿನ ಹೊಲ ಹೊಲವೂ ಬೀನ್ಸ್ ಬೆಳೆಯುತ್ತದೆ, ಲಾರಿ ಲಾರಿ ದೇಶಾಂತರ ಹೋಗುತ್ತದೆ. ಬೆಳೆದವರು ಮಾತ್ರ ಅದನ್ನು ಬಾಯಿಗೆ ಹಾಕುವುದಿಲ್ಲ. ಅದು ಮಾರುವ ವಸ್ತು. ಇಟ್ಟಿಗೆಯನ್ನು ಯಾರಾದರೂ ತಿನ್ನುತ್ತಾರೆಯೇ? ಜೂರಾಕಾನ್ ಈರುಳ್ಳಿ, ಗಜ್ಜರಿ ಹಾಕಿ ಬೇಯಿಸಿಟ್ಟಳು. ಮಂಬೆಟಾಲಿ ಬಟ್ಟಲನ್ನು, ಮಗಳನ್ನು ಕೇಳಲು ಬಂದ ಅಪರಿಚಿತನನ್ನು ನೋಡುವ ಹಾಗೆ ನೋಡಿದ. ಒಂದು ಚಮಚ ಬಾಯಿಗಿಟ್ಟ. ಇನ್ನೊಂದು ಇಟ್ಟ.

"ಇಷ್ಟು ವರ್ಷ ಇದನ್ನ ಮೂಟೆ ಕಟ್ಟಿ ಕಳಿಸ್ತಿದ್ದೆವಲ್ಲ," ಎಂದ, ಮೋಸ ಹೋದವನ ದನಿಯಲ್ಲಿ. "ರುಚಿಯಾಗಿದೆ."

ಆ ರಾತ್ರಿ ಅವನ ಹೊಟ್ಟೆಯೊಳಗೆ ಸಾಮೂಹಿಕ ಬೇಸಾಯದ ಎಲ್ಲ ಟ್ರ್ಯಾಕ್ಟರುಗಳೂ ಒಟ್ಟಿಗೆ ಚಾಲೂ ಆದವು. ಜೂರಾಕಾನ್ ತನ್ನ ಹಾಸಿಗೆ ಸುತ್ತಿಕೊಂಡು ಪಕ್ಕದ ಕೋಣೆಗೆ ಹೊರಟುಹೋದಳು. ಅವನಿಗೂ ನಿದ್ದೆಯಿಲ್ಲ, ಅವಳಿಗೂ ಇಲ್ಲ, ಗೋಡೆಯಾಚೆಯ ಹಸುವಿಗೂ ಇದ್ದಂತೆ ಕಾಣಲಿಲ್ಲ. ನಿದ್ದೆ ಬರಲಿಲ್ಲವಾದ್ದರಿಂದ ಬಿಳಿ ಕಾಳು ಹಾಕಬೇಕೆಂದು ಅವನ ವಾದ. ಆದರೆ ನಾಲ್ಕಾರು ದಿನ ಕಳೆದಂತೆ ಹೊಟ್ಟೆ ತಣ್ಣಗಾಯಿತು. ನಸುಕಿನಲ್ಲೇ ತಾನಾಗಿ ಎಚ್ಚರವಾಗಿ, ಮಂಜುಗಡ್ಡೆಯ ಕೆಳಗೆ ಹರಿಯುವ ಹೊಳೆಯ ಸದ್ದು ಕಿವಿಗೆ ಬಿತ್ತು. ಇದನ್ನು ಕೇಳಿ ಎಷ್ಟು ಕಾಲವಾಗಿತ್ತು ಎಂದು ಅವನಿಗೇ ಬೆರಗು. ಪ್ರಯೋಗ ಹಣ್ಣಾಗುವಷ್ಟರಲ್ಲಿ ಯಾರದೋ ತಿಥಿಗೆ ಹೋಗಿದ್ದ ಜೂರಾಕಾನ್ ಪಾಲಿನ ಮಾಂಸವನ್ನು ಚೀಲದಲ್ಲಿ ತಂದಳು. ಸತ್ತವರ ಹೆಸರಿನ ಪಾಲು, ಬೇಡವೆನ್ನುವುದುಂಟೇ? ಸತ್ತವನು ಬದುಕಿದ್ದಾಗ ಅವನೊಡನೆ ಮಾತು ಬಿಟ್ಟಿದ್ದ ಮಂಬೆಟಾಲಿ, ಈಗ ಮೂಳೆ ಸಮೇತ ರಾಜಿ ಮಾಡಿಕೊಂಡ.

ಚಹಾ ಬಿಟ್ಟ ಕಥೆ ಚಿಕ್ಕದು. ಮಧ್ಯಾಹ್ನದ ಹೊತ್ತಿಗೆ ತಲೆ ಸೀಳಿದ ಕೊರಡಾಯಿತು. ಹಸುವಿಗೆ ಬೈದ, ಒಲೆಗೆ ಬೈದ, ಬಿದ್ದ ಹಿಮಕ್ಕೆ ಬೈದ. ಜೂರಾಕಾನ್ ಬಟ್ಟಲು ತುಂಬ ಹಾಲು ಬೆರೆಸಿದ ಚಹಾ ತಂದು ಮುಂದಿಟ್ಟು, "ಬಿಟ್ಟವನು ನೀನು, ಅನುಭವಿಸ್ತಿರೋಳು ನಾನು. ಕುಡಿದು ಸಾಯಿ," ಎಂದಳು.

ಇಷ್ಟರಲ್ಲಿ ಪಟ್ಟಣದಲ್ಲಿದ್ದ ಮಗಳು ತನ್ನ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ತಾಯಿಯನ್ನು ಕರೆಸಿಕೊಂಡಳು. ಮನೆಯಲ್ಲಿ ಮಂಬೆಟಾಲಿ ಒಬ್ಬನೇ. ಹೆಪ್ಪುಗಟ್ಟಿದ ಬೀದಿ ಪಂಪಿಗೆ ಬಿಸಿನೀರು ಹೊಯ್ದು ಬಿಂದಿಗೆ ತುಂಬಿಸಿದ. ಹಸು ಅವನ ಕೈಯನ್ನು ಒಪ್ಪದೆ ಬಕೆಟ್ ಒದೆಯಿತು. ಕೊನೆಗೆ ಹೆಂಡತಿಯ ತಲೆವಸ್ತ್ರ ಕಟ್ಟಿಕೊಂಡು ಕೂತ ಮೇಲೆ ಹಾಲು ಕೊಟ್ಟಿತು. ಸಗಣಿ ಬಾಚಿದ, ಬೂದಿ ಹೊತ್ತ, ಹಿಟ್ಟು ನಾದಿದ. ಸಂಜೆಗೆ ಕುರಿಮಾಂಸ, ರೊಟ್ಟಿ, ಚಹಾ, ಮೂರನ್ನೂ ಒಟ್ಟಿಗೆ ಬಾರಿಸಿದ. ನೋಡುತ್ತಾನೆ, ಕಣ್ಣು ದೀಪದ ಹಾಗೆ ಉರಿಯುತ್ತಿದೆ! ಕೂತು ಹರಿದ ಲಗಾಮು ಹೊಲಿದ. ಅಂದೂ ಬಿಳಿ ಕಾಳು, ಮರುದಿನವೂ ಬಿಳಿ ಕಾಳು. ಹೆಂಡತಿ ವಾಪಸ್ ಬಂದು ಒಲೆಯ ಮುಂದೆ ಕೂತಳೋ ಇಲ್ಲವೋ, ಇವನು ದಿಂಬಿಗೆ ಒರಗಿ ಉಂಡು, ಅಲ್ಲೇ ಬಿದ್ದುಕೊಂಡ.

ಜೂರಾಕಾನ್ ಭರಣಿ ನೋಡಿದಳು.

"ನಾನಿಲ್ಲದಾಗ ಏನು ಬಿಟ್ಟಿದ್ದೆ?"

"ಏನೂ ಬಿಟ್ಟಿರಲಿಲ್ಲ. ಎಲ್ಲಾ ತಿಂದೆ."

"ಆದ್ರೂ ಬಿಳಿ?"

ಮಂಬೆಟಾಲಿ ಗಡ್ಡ ನೀವಿಕೊಂಡ. ವಿಜ್ಞಾನಕ್ಕೆ ದಾಕ್ಷಿಣ್ಯ ಇರಬಾರದು. "ಬೇಜಾರು ಮಾಡ್ಕೋಬೇಡ ಮುದುಕಿ. ಒಂದೊಂದೇ ಕಳಚಿ ನೋಡಿದೆ. ಆವಾಗ ಇಲ್ಲದೇ ಇದ್ದಿದ್ದು ನೀನೊಬ್ಬಳೇ."

ಹೊಸದಾಗಿ ಮದುವೆಯಾದವಳಾಗಿದ್ದರೆ ಸೌಟು ಬೀಸುತ್ತಿದ್ದಳು. ಜೂರಾಕಾನ್ "ಹೂಂ" ಎಂದಳು, ಅಷ್ಟೇ. ಅವಳ ಹೂಂ ಎಂದರೆ ಬಿತ್ತನೆ ಮುಗಿಯಿತೆಂದು ಅರ್ಥ. ಕೊಯ್ಲು ಯಾವಾಗ ಎಂದು ಯಾರೂ ಹೇಳಲಾರರು.

ಷೆರಿನೆಯ ದಿನ ಬಂತು. ಹೆಂಡತಿಯನ್ನು ಕಳಚಿಟ್ಟರೆ ಕರುಳು ತೊಳೆಯುವವರಿಲ್ಲ. ಆದ್ದರಿಂದ ಮಂಬೆಟಾಲಿ ಸುರಕ್ಷಿತ ದಾರಿ ಹಿಡಿದ: ಬೆಳಗಿನಿಂದ ಏನನ್ನೂ ತಿನ್ನಲಿಲ್ಲ. ಯಾವುದು ಒಗ್ಗದೋ ತಿಳಿಯದಿದ್ದರೆ ಎಲ್ಲವನ್ನೂ ಬಿಟ್ಟರಾಯಿತು! ಸಂಜೆಗೆ ಗೆಳೆಯರು ಬಂದು ಬೂಟು ಕಳಚಿ ಕೂತರು. ಹಾಸುಬಟ್ಟೆಯ ಮೇಲೆ ಕರಿದ ಹಿಟ್ಟಿನ ಉಂಡೆ, ಜಾಮು, ಬೆಣ್ಣೆ. ಒಳಗೆ ಹಂಡೆ ಕುದಿಯುತ್ತಿತ್ತು. ಜೂರಾಕಾನ್ ಮತ್ತು ಬಂದವರ ಹೆಂಡಂದಿರು ಬೆವರು ಒರೆಸಿಕೊಳ್ಳುತ್ತ ಹಿಟ್ಟು ಲಟ್ಟಿಸಿ ಎಳೆ ಎಳೆಯಾಗಿ ಕೊಯ್ಯುತ್ತಿದ್ದರು. ಮಾಂಸ ಬೇಯಲು ಹೊತ್ತಿತ್ತು. ರಿಸ್ಕುಲ್ ತನ್ನ ಕಾರಿನ ಬ್ಯಾಟರಿ ಬದಲಾಯಿಸಿದ ಪ್ರಸಂಗವನ್ನು, ಬ್ಯಾಟರಿ ತಯಾರಾದ ದಿನದಿಂದ ಹಿಡಿದು ಹೇಳತೊಡಗಿದ.

ಕೋಣೆ ಬೆಚ್ಚಗಿತ್ತು. ಬೆನ್ನಿಗೆ ಮೆತ್ತನೆಯ ದಿಂಬಿತ್ತು. ಮಂಬೆಟಾಲಿಯ ರೆಪ್ಪೆ ಒಂದು ಸಲ ಇಳಿಯಿತು. ಬೆಚ್ಚಿ ತೆರೆದ. ಹೊಟ್ಟೆಯಲ್ಲಿ ಒಂದು ಅಗುಳಿಲ್ಲ, ಆದರೂ ಬಂತಲ್ಲ ಹಾಳಾದ್ದು! ತೊಡೆ ಚಿವುಟಿಕೊಂಡ. ರಿಸ್ಕುಲ್ ಮಾತಾಡುತ್ತಲೇ ಓರೆಗಣ್ಣಿನಿಂದ ನೋಡಿ ಮೀಸೆಯೊಳಗೆ ನಕ್ಕಂತಾಯಿತು. ರೆಪ್ಪೆ ಮತ್ತೆ ಇಳಿಯಿತು. ಮಾಂಸ ಬರುವ ತನಕ ತಾಳುವುದು ಆಗದ ಮಾತು. ಆಗ ಅವನ ಹಸಿದ ತಲೆಗೆ ಮಿಂಚಿನಂಥ ಉಪಾಯವೊಂದು ಹೊಳೆಯಿತು. ಎಚ್ಚರ ಇರುವಾಗಲೇ ಬಾತಾ ಹೇಳಿ ಮುಗಿಸಿಬಿಟ್ಟರೆ ಆಮೇಲೆ ನಿದ್ದೆ ಬಂದರೆಷ್ಟು, ಬಿಟ್ಟರೆಷ್ಟು?

ಎರಡೂ ಅಂಗೈ ಬಿಚ್ಚಿದ. ಹಿರಿಯ ಕೈ ಬಿಚ್ಚಿದರೆ ಆ ನಾಡಿನಲ್ಲಿ ಯಾವ ಕೈಯೂ ಮುಚ್ಚಿರುವುದಿಲ್ಲ. ಬ್ಯಾಟರಿಯ ಕಥೆ ನಡುವೆಯೇ ತುಂಡಾಯಿತು. ಮಂಬೆಟಾಲಿ ಅಂಥ ಹರಕೆಯನ್ನು ಹಿಂದೆಂದೂ ಹೇಳಿರಲಿಲ್ಲ. ಈ ಮನೆಯ ಹಾಸುಬಟ್ಟೆ ಎಂದೂ ಬರಿದಾಗದಿರಲಿ, ಕುರಿ ಅವಳಿ ಈಯಲಿ, ಕಾಲುವೆಗೆ ನಮ್ಮ ಪಾಲಿನ ನೀರು ಬರಲಿ, ಬೀನ್ಸಿಗೆ ತಕ್ಕ ಬೆಲೆ ಸಿಗಲಿ, ನಮ್ಮ ಬೆವರು ತಿಂದವರ ಹೊಟ್ಟೆಗೆ ನೆಮ್ಮದಿ ಇಲ್ಲದಿರಲಿ. ಓಮೀನ್ ಎಂದು ಮುಖ ಸವರಿಕೊಂಡ. ಎಲ್ಲರೂ ಮುಖ ಸವರಿಕೊಂಡರು.

ಬಾಗಿಲಲ್ಲಿ ಜೂರಾಕಾನ್ ನಿಂತಿದ್ದಳು, ಕೈಯಲ್ಲಿ ಹಬೆಯಾಡುವ ಕುರಿಯ ತಲೆ.

ಕೊನೆಯ ಬಾತಾ ಆಯಿತೆಂದರೆ ಪಂಕ್ತಿ ಮುಗಿಯಿತೆಂದೇ ಲೆಕ್ಕ. ಆಮೇಲೆ ಹಾಸುಬಟ್ಟೆಗೆ ಕೈ ಚಾಚುವುದುಂಟೇ? ಎಲ್ಲರೂ ಮಾಂಸದ ಕಡೆ ನೋಡಿದರು, ಎಂಜಲು ನುಂಗಿದರು. ರಿಸ್ಕುಲ್ ಮೊಣಕಾಲು ಹಿಡಿದು ಮೇಲೆದ್ದ.

"ಹರಕೆ ಚೆನ್ನಾಗಿತ್ತು ಬೀಗರೇ. ಊಟ ಬಾಕಿ ಇಟ್ಕೊಳ್ಳಿ."

ಕೂರಿ, ಕೂರಿ, ಅದು ಲೆಕ್ಕಕ್ಕಿಲ್ಲ ಎಂದು ಮಂಬೆಟಾಲಿ ಅಂಗಲಾಚಿದ. ಹರಕೆಯನ್ನು ಲೆಕ್ಕಕ್ಕಿಲ್ಲ ಎನ್ನುತ್ತೀರಾ, ಹಿರಿಯರಾಗಿ? ಎಂದು ಅವರೇ ತಿರುಗಿ ಕೇಳಿದರು. ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಜೂರಾಕಾನ್ ಬೆಂದ ಮಾಂಸವನ್ನೆಲ್ಲ ಪಾಲು ಮಾಡಿ ಚೀಲಗಳಿಗೆ ತುಂಬಿ ಕೈಗಿತ್ತಳು. ಅದು ಮನೆಗೊಯ್ಯುವ ಪಾಲು. ಊಟದ ಬಾಕಿಗೆ ಅದು ಜಮಾ ಆಗುವುದಿಲ್ಲ. ಹೋಗುವಾಗ ಪ್ರತಿಯೊಬ್ಬನೂ ಹೊಸ್ತಿಲಲ್ಲಿ ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಮನೆಗೆ ಅಪಶಕುನ ತಟ್ಟದಂತೆ ನೋಡಿಕೊಂಡ.

ಹಂಡೆಯ ತಳದಲ್ಲಿ ಸಾರು ಉಳಿದಿತ್ತು. ಎದುರಿಗೆ ಕುರಿಯ ತಲೆ ಮಂಬೆಟಾಲಿಯನ್ನೇ ನೋಡುತ್ತಿತ್ತು. ಜೂರಾಕಾನ್ ಎರಡೂ ಭರಣಿ ತಂದು ನಡುವೆ ಇಟ್ಟು, ಕಾಲು ಚಾಚಿ ಕೂತಳು.

"ನಾನು ಊರಲ್ಲಿಲ್ಲದಾಗ ನೀರು ಯಾರು ತಂದಿದ್ದು?"

"ನಾನೇ."

"ಸಗಣಿ?"

"ನಾನೇ ಬಾಚಿದ್ದು."

"ಹಿಟ್ಟು?"

ಮಂಬೆಟಾಲಿ ಬಿಳಿ ಕಾಳಿನ ಭರಣಿಯನ್ನು ಹತ್ತಿರ ಎಳೆದುಕೊಂಡ. ಟ್ರ್ಯಾಕ್ಟರಿನ ಕೆಟ್ಟ ಭಾಗ ಕೈಗೆ ಸಿಕ್ಕಾಗ ಆಗುವ ಸದ್ದು ಅವನ ತಲೆಯೊಳಗೆ ಟಕ್ ಎಂದಿತ್ತು.

"ನಿನಗೆ ಒಗ್ಗದೇ ಇರೋದು ರೊಟ್ಟಿ ಅಲ್ಲ, ಮಾಂಸ ಅಲ್ಲ. ಆ ದಿಂಬು," ಎಂದಳು ಜೂರಾಕಾನ್. "ಮುಂದಿನ ಕುರಿ ಕರುಳು ನೀನು ತೊಳಿ. ಹಿಟ್ಟು ನೀನು ಲಟ್ಟಿಸು. ನಾನು ಹೋಗಿ ಆ ದಿಂಬಿಗೆ ಒರಗಿ ಕೂತ್ಕೋತೀನಿ. ನಿನಗೆ ಹೇಗನ್ಸುತ್ತೆ, ನನಗೆ ಹೇಗನ್ಸುತ್ತೆ, ಕಾಳು ಹಾಕಿ ನೋಡೋಣ."

ಹಾಗಾಗಿ ಮಂಬೆಟಾಲಿಯ ಮನೆಯ ಊಟ ಬಾಕಿ ಉಳಿದಿದೆ. ಹಿಮ ಕರಗುವುದರೊಳಗೆ ತೀರಿಸಬೇಕು. ಕರುಳು ಮಗುಚಿ ತೊಳೆಯುವುದು ಹೇಗೆಂದು ಅವನು ಊರೆಲ್ಲ ವಿಚಾರಿಸುತ್ತಿದ್ದಾನೆ. ಪ್ರತಿ ಮನೆಯ ಹೊಸ್ತಿಲಲ್ಲೂ ರೊಟ್ಟಿ ಮುರಿಯುತ್ತಿದ್ದಾನೆ.

ಅವನನ್ನು ನೋಡಿ ನಕ್ಕಿರಲ್ಲ, ಸಂತೋಷ. ಈಗ ನಿಮ್ಮ ವಿಷಯ. ಇವತ್ತು ನೀವು ಉಂಡೆದ್ದ ತಟ್ಟೆ ಎಲ್ಲಿದೆ? ಒರಗಿ ಓದಿದ್ದು ಸಾಕು. ಎದ್ದು ಹೋಗಿ ಅದನ್ನು ತೊಳೆಯಿರಿ. ಪಕ್ಕದಲ್ಲಿ ಇನ್ನೊಬ್ಬರ ತಟ್ಟೆ ಬಿದ್ದಿದ್ದರೆ ಅದನ್ನೂ.